ಹದಿನಾರರ ಹುಡುಗಿ ಹೇಳುವ ಥ್ರಿಲ್ಲರನ್ನ ನಲ್ವತ್ತು ದಾಟಿದ ನಾವು ಹೇಗೆ ಓದೋದು

ಪ್ಲಸ್ ಟು ಮಕ್ಕಳ ಬ್ಯಾಗಲ್ಲಿ ಕಾಣುವ ಆ ಇಂಗ್ಲಿಷ್ ಥ್ರಿಲ್ಲರುಗಳು ಉಂಟಲ್ಲ, ಕವರಲ್ಲಿ ಅರ್ಧ ಮುಖ, ಕೆಂಪು ನೂಲು, ಹರಿದ ಫೋಟೋ, ಅದನ್ನ ದೊಡ್ಡವರು ಓದಿದ್ರೆ ಎಂತ ಆಗ್ತದೆ ಅಂತ ಕೇಳುವವರು ಈಗ ನಮ್ಮ ಕಾಸರಗೋಡು ಕಡೆ ಸುಮಾರು ಜನ ಇದ್ದಾರೆ. ಏನೂ ಆಗೋದಿಲ್ಲ, ರಾತ್ರಿ ನಿದ್ದೆ ಚೂರು ಕಮ್ಮಿ ಆಗ್ತದೆ ಅಷ್ಟೇ. 2012ರಲ್ಲಿ ಬೌಕರ್ ಅನ್ನುವ ಮಾರ್ಕೆಟ್ ರಿಸರ್ಚ್ ಕಂಪೆನಿ ಅಮೆರಿಕದಲ್ಲಿ ಲೆಕ್ಕ ತೆಗ್ದಾಗ ಯಂಗ್ ಅಡಲ್ಟ್, ಅಂದ್ರೆ ಹದಿಹರೆಯದವರಿಗೆ ಅಂತ ಬರೆಯುವ ವೈಎ ಪುಸ್ತಕ ತಗೊಳ್ಳುವವರಲ್ಲಿ ಶೇಕಡಾ 55ರಷ್ಟು ಜನ 18 ದಾಟಿದವರೇ ಇದ್ದದ್ದು, ಅದ್ರಲ್ಲೂ ಹೆಚ್ಚಿನವರು ಮಕ್ಕಳಿಗೆ ಕೊಡ್ಲಿಕ್ಕಲ್ಲ, ತಾವೇ ಓದ್ಲಿಕ್ಕೆ ತಗೊಂಡದ್ದು. ಹಾಗಾಗಿ ಮಂಗಳೂರು ಬಸ್ಸಲ್ಲಿ ಆ ಕವರನ್ನ ಪೇಪರಿನೊಳಗೆ ಅಡಗಿಸಿ ಹಿಡ್ಕೊಳ್ಳುವ ಅಗತ್ಯ ಇಲ್ಲ ಮಾರಾಯ್ರೆ.

ಆದ್ರೆ ಓದುವ ಕ್ರಮ ಒಂದುಂಟು. ಪತ್ತೇದಾರಿ ಕಾದಂಬರಿ ಓದಿದ ಅಭ್ಯಾಸದಲ್ಲಿ ಇದನ್ನ ಓದಿದ್ರೆ ಐವತ್ತನೇ ಪುಟಕ್ಕೇ "ಓ ಇವ್ನೇ ಕೊಂದದ್ದು" ಅಂತ ಹೇಳಿ ಮುಚ್ಚಿ ಇಡ್ತೀರಿ, ಮತ್ತೆ ಮಕ್ಕಳ ಪುಸ್ತಕ, ಚಪ್ಪೆ ಅಂತ ಹೇಳ್ತೀರಿ. ಈ ಪುಸ್ತಕಗಳಲ್ಲಿ ಯಾರು ಮಾಡಿದ್ದು ಅನ್ನೋದು ಅರ್ಧ ಮಾತ್ರ, ಕಥೆ ಹೇಳ್ತಾ ಇರುವ ಹುಡುಗಿ ಎಂತಕ್ಕೆ ಈ ತರ ಹೇಳ್ತಾ ಇದ್ದಾಳೆ, ಯಾವುದನ್ನ ಬಿಟ್ಟು ಹೇಳ್ತಾ ಇದ್ದಾಳೆ ಅನ್ನೋದು ಉಳಿದ ಅರ್ಧ. ನಂಬ್ಲಿಕ್ಕಾಗದ ನಿರೂಪಕ ಅಂತ ಇದಕ್ಕೆ 1961ರಲ್ಲಿ ವೇಯ್ನ್ ಬೂತ್ ಅನ್ನುವ ಅಮೆರಿಕದ ವಿಮರ್ಶಕ ಹೆಸರಿಟ್ಟದ್ದು, ಯಕ್ಷಗಾನ ತಾಳಮದ್ದಳೆ ಕೇಳಿ ಬೆಳೆದ ನಮಗೆ ಅಷ್ಟು ದೂರ ಹೋಗ್ಬೇಕಂತ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೇ ಕ್ಯಾಸೆಟ್ಟು ಕೇಳಿದವರನ್ನ ವಿಚಾರಿಸಿ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮುಗಿದ ಕೂಡ್ಲೇ ಅರ್ಥಧಾರಿ, ಅಂದ್ರೆ ಪಾತ್ರವಾಗಿ ಕೂತು ಮಾತಾಡುವವರು, ಶುರು ಮಾಡ್ತಾರೆ, ಸಂಧಾನದ ಪ್ರಸಂಗದಲ್ಲಿ ಕೌರವ ಮಾತಾಡುವಾಗ "ಹೌದಲ್ಲ, ಇವನದ್ದೂ ನ್ಯಾಯವೇ" ಅಂತ ತಲೆ ಆಡಿಸ್ತೇವೆ, ಕೃಷ್ಣ ಎದ್ರು ಮಾತಾಡಿದ ಮೇಲೆ ಅದೇ ತಲೆ ಇನ್ನೊಂದು ಕಡೆ ಆಡ್ತದೆ. ಈ ಪುಸ್ತಕಗಳಲ್ಲಿ ಕೌರವ ಮಾತ್ರ ಇರೋದು. ಮುನ್ನೂರು ಪುಟ ಅವನದ್ದೇ ಅರ್ಥ, ಕೃಷ್ಣನ ಕುರ್ಚಿ ಖಾಲಿ. ಆ ಖಾಲಿ ಕುರ್ಚಿಯಲ್ಲಿ ಕೂತು ಎದುರು ಮಾತು ಕಟ್ಟೋದು ಓದುವವರ ಕೆಲಸ, ಮತ್ತೆ ಅದು ಹದಿನಾರು ವರ್ಷದವರಿಗಿಂತ ನಮಗೆ ಸಲೀಸು, ಯಾಕಂದ್ರೆ ನಮಗೆ ಎರಡೂ ಕಡೆಯ ಮಾತು ಕೇಳಿ ಅಭ್ಯಾಸ ಉಂಟು.

ಮೊದ್ಲು ಮಾಡ್ಬೇಕಾದ್ದು, ಸುಮ್ಮನೆ ನಂಬೋದು. ಪುಸ್ತಕದ ಮೂರರಲ್ಲಿ ಒಂದು ಪಾಲು ಮುಗಿಯುವವರೆಗೆ ಆ ಹುಡುಗಿ ಹೇಳಿದ್ದೆಲ್ಲ ಸತ್ಯ ಅಂತ ಇಟ್ಕೊಳ್ಳಿ. ಸಂಶಯ ಬಂದ್ರೆ ಬರ್ಲಿ, ಅದರ ಹಿಂದೆ ಓಡ್ಬೇಡಿ. ಶುರುವಿಂದಲೇ ಪೊಲೀಸಿನ ಹಾಗೆ ಓದಿದವರಿಗೆ ಕೊನೆಗೆ ಸಿಗೋದು ನಾನು ಆಗ್ಲೇ ಹೇಳಿದ್ದೆ ಅನ್ನುವ ಜಂಬ ಮಾತ್ರ, ಎದೆ ಧಸಕ್ ಅನ್ನೋದು ಸಿಗೋದಿಲ್ಲ. ಹಾಗೇ ಗೂಗಲ್ ಮಾಡ್ಬೇಡಿ. ಪುಸ್ತಕದ ಹೆಸರು ಹಾಕಿ ಒಂದು ಅಕ್ಷರ ಜಾಸ್ತಿ ಟೈಪ್ ಮಾಡಿದ್ರೆ ಸಾಕು, ಕೊನೆಯಲ್ಲಿ ಎಂತ ಆಗ್ತದೆ ಅಂತ ಅದೇ ಕೆಳಗೆ ತೋರಿಸಿ ಬಿಡ್ತದೆ, ಮತ್ತೆ ನಿಮ್ಮ ನಾನ್ನೂರು ರೂಪಾಯಿ ನೀರಿಗೆ.

ಅದಾದ ಮೇಲೆ ಒಂದು ಚೀಟಿ, ಪೆನ್ಸಿಲ್. ಬರೀಬೇಕಾದ್ದು ಕಮ್ಮಿಯೇ. ಯಾವ ದಿನ ಯಾವ ಹೊತ್ತು ಅಂತ, ಅವಳು ಹೇಳಿದ ಘಟನೆಯನ್ನ ಬೇರೆ ಯಾರಾದ್ರೂ ಕಂಡಿದ್ದಾರಾ ಅಂತ, ಮತ್ತೆ ಮುಖ್ಯವಾಗಿ ಎಲ್ಲಿ ಹಾರಿಸಿದ್ಳು ಅಂತ. ಅಧ್ಯಾಯ ಶುಕ್ರವಾರ ರಾತ್ರಿ ಪಾರ್ಟಿಯಲ್ಲಿ ನಿಲ್ತದೆ, ಮುಂದಿನದ್ದು ಆದಿತ್ಯವಾರ ಮಧ್ಯಾಹ್ನ ಶುರು ಆಗ್ತದೆ, ಶನಿವಾರ ಎಲ್ಲಿಗೆ ಹೋಯ್ತು? ಸುಳ್ಳು ಹೇಳುವವರು ಹೆಚ್ಚಾಗಿ ಸುಳ್ಳು ಹೇಳೋದೇ ಇಲ್ಲ, ಶನಿವಾರವನ್ನ ಬಿಟ್ಟುಬಿಡ್ತಾರೆ.

ಯಾವುದರಿಂದ ಶುರು ಮಾಡೋದು ಅಂತ ಕೇಳಿದ್ರೆ ನಾನು ಹೇಳೋದು ಇ. ಲಾಕ್‌ಹಾರ್ಟ್ ಬರೆದ 2014ರ ವೀ ವರ್ ಲಯರ್ಸ್. ಚಿಕ್ಕ ಪುಸ್ತಕ, ಚಿಕ್ಕ ಚಿಕ್ಕ ಅಧ್ಯಾಯ, ಇಂಗ್ಲಿಷೂ ಸುಲಭ, ಕನ್ನಡ ಮೀಡಿಯಮ್ಮಲ್ಲಿ ಓದಿದವರಿಗೂ ಡಿಕ್ಷನರಿ ಹೆಚ್ಚು ಬೇಡ. ಅಮೆರಿಕದ ಮಸಾಚುಸೆಟ್ಸ್ ಕಡೆ ಒಂದು ಶ್ರೀಮಂತ ಕುಟುಂಬ, ಅವರಿಗೆ ಸ್ವಂತ ದ್ವೀಪವೇ ಉಂಟು, ಬೇಸಿಗೆ ಬಂದ್ರೆ ಎಲ್ಲ ಅಲ್ಲಿಗೆ. ಹುಡುಗಿಗೆ ಹದಿನೈದರ ಬೇಸಿಗೆಯಲ್ಲಿ ಎಂತದೋ ಆಗಿದೆ, ನೆನಪಿಲ್ಲ, ಆಮೇಲಿಂದ ಕೆಟ್ಟ ಮೈಗ್ರೇನ್. ಇಷ್ಟು ಹೇಳಿದ್ರೆ ಕಥೆ ಹಾಳಾಗೋದಿಲ್ಲ. ಓದುವಾಗ ಒಂದು ಕಡೆ ಕಣ್ಣಿಡಿ. ಶುರುವಿನ ಪುಟಗಳಲ್ಲೇ ಅಪ್ಪ ಮನೆ ಬಿಟ್ಟು ಹೋಗೋದನ್ನ ಹೇಳುವಾಗ ಅವಳು ಅಪ್ಪ ತನಗೆ ಗುಂಡು ಹೊಡೆದ ಹಾಗೆ, ರಕ್ತ ಹರಿದ ಹಾಗೆ, ಅದು ಆಗಿಯೇ ಬಿಟ್ಟಿತು ಅನ್ನುವ ತರ ಹೇಳ್ತಾಳೆ. ಬಂದೂಕು ಇಲ್ಲ, ಗುಂಡೂ ಇಲ್ಲ, ನೋವು ಮಾತ್ರ ಇರೋದು. ಅಂದ್ರೆ ಮನಸ್ಸಿಗೆ ಆದದ್ದನ್ನ ಮೈಗೆ ಆದ ಹಾಗೆ ಹೇಳುವವಳು ಇವಳು ಅಂತ ಲೇಖಕಿ ನಮಗೆ ಆಗ್ಲೇ ತೋರಿಸಿ ಆಯ್ತು, ನಾವು ಅದನ್ನ ಅಲಂಕಾರ ಅಂತ ದಾಟಿ ಹೋಗ್ತೇವೆ. ಇನ್ನೊಂದು, ನಡುನಡುವೆ ರಾಜ, ಮೂವರು ರಾಜಕುಮಾರಿಯರು ಅಂತ ಅಜ್ಜಿಕತೆಯ ತುಂಡುಗಳು ಬರ್ತವೆ. ಅವಸರದವರು ಅದನ್ನ ಹಾರಿಸ್ತಾರೆ. ಹಾರಿಸ್ಬೇಡಿ, ನೇರವಾಗಿ ಹೇಳ್ಲಿಕ್ಕೆ ಅವಳಿಂದ ಆಗದ್ದನ್ನೆಲ್ಲ ಅಲ್ಲಿ ಹೇಳಿಕೊಳ್ತಾಳೆ.

ಮತ್ತೆ ಆ ಪುಸ್ತಕದಲ್ಲಿ ದೊಡ್ಡವರಿಗೆ ಮಾತ್ರ ಸರಿಯಾಗಿ ಕಾಣುವ ಒಂದು ಸಂಗತಿ ಉಂಟು. ಅಜ್ಜನ ಆಸ್ತಿ, ಮೂರು ಹೆಣ್ಮಕ್ಕಳು, ಯಾರಿಗೆ ಯಾವ ಮನೆ ಅಂತ ಒಳಗಿಂದೊಳಗೆ ನಡೆಯುವ ಜಗಳ, ಅಜ್ಜ ಒಬ್ಬಳ ಎದುರು ಇನ್ನೊಬ್ಬಳನ್ನ ನಿಲ್ಲಿಸೋದು. ಹದಿನಾರರ ಓದುಗರಿಗೆ ಇದು ಹಿಂದೆ ಎಲ್ಲೋ ನಡೆಯುವ ದೊಡ್ಡವರ ಗಲಾಟೆ, ಅವರ ಕಣ್ಣು ಪ್ರೇಮದ ಮೇಲೆ. ಅಡಿಕೆ ತೋಟದ ಪಾಲುಪಟ್ಟಿಗೆ ಕೂತು ಎದ್ದ ನಮಗೆ ಆ ಅಮ್ಮಂದಿರು ಮಕ್ಕಳ ಹತ್ರ "ಅಜ್ಜನ ಹತ್ರ ಹೋಗಿ ಚಂದ ಮಾತಾಡು" ಅನ್ನೋದು ಕೇಳಿದ ಕೂಡ್ಲೇ ಹೊಟ್ಟೆಯೊಳಗೆ ಎಂತದೋ ಆಗ್ತದೆ. ಇದಕ್ಕೇ ನಾನು ಹೇಳೋದು, ದೊಡ್ಡವರಾಗಿ ಇದನ್ನ ಓದಿದ್ರೆ ಪುಸ್ತಕ ದೊಡ್ಡದಾಗ್ತದೆ. ಪ್ರತಿ ವೈಎ ಥ್ರಿಲ್ಲರಿನೊಳಗೆ ಅಮ್ಮಂದಿರ, ಟೀಚರುಗಳ, ಅಜ್ಜಂದಿರ ಇನ್ನೊಂದು ಥ್ರಿಲ್ಲರ್ ಉಂಟು, ಹುಡುಗಿ ಅದನ್ನ ಅರೆಬರೆ ಮಾತ್ರ ಕಂಡಿರ್ತಾಳೆ.

ಅದನ್ನ ಹುಡುಕುವ ಕ್ರಮ ಹೇಳ್ತೇನೆ. ಪುಸ್ತಕದಲ್ಲಿ ಮಗು ಯಾರಾದ್ರೂ ದೊಡ್ಡವರ ಹತ್ರ ಹೇಳ್ಲಿಕ್ಕೆ ಹೋದ ಜಾಗ ಬಂದ ಕೂಡ್ಲೇ ಪುಟದ ಮೂಲೆಯಲ್ಲಿ ಪೆನ್ಸಿಲಲ್ಲಿ ಗುರ್ತು ಹಾಕಿ, ಬೇರೆಯವರ ಪುಸ್ತಕ ಆದ್ರೆ ಚೀಟಿ ಇಡಿ. ಬಾಗಿಲ ಹತ್ರ ಬಂದು ನಿಂತು ವಾಪಸ್ ಹೋದದ್ದು, "ಅಮ್ಮ ಒಂದು ವಿಷ್ಯ" ಅಂತ ಶುರು ಮಾಡಿ "ಏನಿಲ್ಲ" ಅಂದದ್ದು, ಟೀಚರ್ ಗಡಿಯಾರ ನೋಡಿದ್ದು. ಮುಗಿದ ಮೇಲೆ ಆ ಗುರ್ತುಗಳನ್ನ ಮಾತ್ರ ಒಂದರ ಹಿಂದೆ ಒಂದು ಓದಿ. ಮಕ್ಕಳು ಓದುವಾಗ ಇದು ಯಾರಿಗೂ ಅರ್ಥ ಆಗ್ಲಿಲ್ಲ ಅನ್ನುವ ಕೋಪ, ನಾವು ಓದುವಾಗ ಗಡಿಯಾರ ನೋಡಿದವರು ನಾವೇ ಅಲ್ವಾ.

"ಎಂತಕ್ಕೆ ಪೊಲೀಸಿಗೆ ಹೇಳೋದಿಲ್ಲ ಇವ್ಳು?" ಅಂತ ಎಲ್ಲರೂ ಕೇಳ್ತಾರೆ. ಹೇಳಿದ್ರೆ ಹತ್ತನೇ ಪುಟಕ್ಕೆ ಕಥೆ ಮುಗೀತದೆ, ಅದು ಒಂದು. ಆದ್ರೆ ಅಷ್ಟಕ್ಕೇ ಬಿಡ್ಬೇಡಿ, ಒಳ್ಳೆ ಪುಸ್ತಕದಲ್ಲಿ ಹೇಳದೇ ಇರ್ಲಿಕ್ಕೆ ಕಾರಣ ಇಟ್ಟಿರ್ತಾರೆ, ಹೇಳಿದ್ರೆ ಇನ್ನೊಂದು ಗುಟ್ಟು ಹೊರಗೆ ಬೀಳ್ತದೆ. ಕಾರಣ ಹುಡುಕಿ ಸಿಗದಿದ್ರೆ ಆಗ ಪುಸ್ತಕವನ್ನ ಬೈಯಿರಿ, ನಾನೂ ಬೈತೇನೆ.

ಶಾಲೆಯ ಲೆಕ್ಕ ಗೊತ್ತಿರದಿದ್ರೆ ಮಂಡೆ ಬಿಸಿ ಆಗ್ತದೆ, ಅದನ್ನ ಬೇಗ ಹೇಳಿ ಮುಗಿಸ್ತೇನೆ. ಅಮೆರಿಕದಲ್ಲಿ ಫ್ರೆಶ್‌ಮನ್ ಅಂದ್ರೆ ಒಂಬತ್ತು, ಸೋಫಮೋರ್ ಹತ್ತು, ಜೂನಿಯರ್ ನಮ್ಮ ಪ್ಲಸ್ ವನ್, ಸೀನಿಯರ್ ಪ್ಲಸ್ ಟು. ಇಂಗ್ಲೆಂಡಲ್ಲಿ ಸಿಕ್ಸ್ತ್ ಫಾರ್ಮ್ ಅಂದ್ರೆ ನಮ್ಮ ಪ್ಲಸ್ ವನ್ ಪ್ಲಸ್ ಟು ಸೇರಿ. ಡಿಟೆನ್ಷನ್ ಅಂದ್ರೆ ಶಾಲೆ ಬಿಟ್ಟ ಮೇಲೆ ಶಿಕ್ಷೆಗೆ ಕೂರಿಸೋದು. ಅಮೆರಿಕದ ಹೆಚ್ಚಿನ ಕಡೆ 16ಕ್ಕೇ ಕಾರಿನ ಲೈಸೆನ್ಸ್ ಸಿಗ್ತದೆ, ನಮ್ಮಲ್ಲಿ 18, ಹಾಗಾಗಿ ಅಲ್ಲಿಯ ಮಕ್ಕಳು ಮಧ್ಯರಾತ್ರಿ ಕಾರು ತಗೊಂಡು ಕಾಡಿಗೆ ಹೋದ್ರೆ ಅದು ಬುರುಡೆ ಅಲ್ಲ. ಇಲ್ಲಿ ಬದಿಯಡ್ಕದಿಂದ ಮುಳ್ಳೇರಿಯಕ್ಕೆ ರಾತ್ರಿ ಹೋಗ್ಬೇಕಾದ್ರೆ ಕೊನೆಯ ಬಸ್ಸು ತಪ್ಪಿದ ಮೇಲೆ ಕೊಲೆ ಮಾಡ್ಲಿಕ್ಕೂ ಆಗೋದಿಲ್ಲ, ಪತ್ತೆ ಮಾಡ್ಲಿಕ್ಕೂ ಆಗೋದಿಲ್ಲ.

ಡಿಟೆನ್ಷನ್ ಹೇಳಿದ್ದು ಎಂತಕ್ಕೆ ಅಂದ್ರೆ ಕ್ಯಾರನ್ ಮೆಕ್‌ಮ್ಯಾನಸ್ 2017ರಲ್ಲಿ ಬರೆದ ವನ್ ಆಫ್ ಅಸ್ ಈಸ್ ಲೈಯಿಂಗ್ ಶುರು ಆಗೋದೇ ಅಲ್ಲಿಂದ. ಐದು ಮಕ್ಕಳು ಡಿಟೆನ್ಷನ್‌ಗೆ ಕೂರ್ತಾರೆ, ಒಬ್ಬ ಅಲ್ಲೇ ಸಾಯ್ತಾನೆ, ನೆಲಗಡಲೆ ಅಲರ್ಜಿ, ಅವನ ಇಂಜೆಕ್ಷನ್ ಸಿಗೋದಿಲ್ಲ. ಉಳಿದ ನಾಲ್ಕು ಜನರೂ ಸರದಿ ಪ್ರಕಾರ ತಾವೇ ಕಥೆ ಹೇಳ್ತಾರೆ. ಅಧ್ಯಾಯದ ತಲೆಯಲ್ಲಿ ಹೆಸರು, ದಿನ, ಗಂಟೆ ಹಾಕಿರ್ತಾರೆ, ಅದನ್ನ ನೋಡದೇ ಓದಿದ್ರೆ ಐವತ್ತು ಪುಟದ ನಂತ್ರ ಯಾರು ಮಾತಾಡೋದು ಅಂತ ಗೊತ್ತಾಗದೆ ಹಿಂದೆ ಹೋಗ್ಬೇಕಾಗ್ತದೆ. ಇಲ್ಲಿ ಓದುವ ಉಪಾಯ ಬೇರೆ. ಒಂದೇ ಘಟನೆಯನ್ನ ಇಬ್ಬರು ಹೇಳುವಾಗ ಯಾವುದರಲ್ಲಿ ಒಪ್ಪುದಿಲ್ಲ ಅಂತ ನೋಡೋದಕ್ಕಿಂತ ಒಬ್ಬ ತನ್ನ ತಲೆಯೊಳಗೇ ಯಾವ ಮಾತಿಗೆ ಬಂದು ತಿರುಗಿ ಹೋಗ್ತಾನೆ ಅಂತ ನೋಡಿ. ತನ್ನ ಮನಸ್ಸಿನೊಳಗೂ ಹೇಳ್ಕೊಳ್ಳದೇ ಇರುವವರು ಇರ್ತಾರಲ್ಲ, ನಮ್ಮ ಪೈಕಿಯಲ್ಲೂ ಇದ್ದಾರೆ.

ಇದೆಲ್ಲ ಇತ್ತೀಚಿನ ಫ್ಯಾಷನ್ ಅಂತ ಎಣಿಸುವವರಿಗೆ ರಾಬರ್ಟ್ ಕಾರ್ಮಿಯರ್ 1977ರಲ್ಲಿ ಬರೆದ ಐ ಆಮ್ ದ ಚೀಸ್ ಕೊಡ್ಬೇಕು. ಒಬ್ಬ ಹುಡುಗ ಅಪ್ಪನನ್ನ ನೋಡ್ಲಿಕ್ಕೆ ಸೈಕಲಲ್ಲಿ ಮಸಾಚುಸೆಟ್ಸಿನಿಂದ ವರ್ಮಾಂಟಿಗೆ ಹೋಗ್ತಾ ಇದ್ದಾನೆ. ಅದರ ನಡುವೆ ಟೇಪಿನಲ್ಲಿ ರೆಕಾರ್ಡ್ ಆದ ಪ್ರಶ್ನೋತ್ತರ ಬರ್ತದೆ, ಒಬ್ಬ ಕೇಳೋದು, ಹುಡುಗ ಹೇಳೋದು. ನಾವೆಲ್ಲ ಉತ್ತರ ಓದ್ತೇವೆ. ಇದ್ರಲ್ಲಿ ಪ್ರಶ್ನೆಗಳನ್ನ ಮಾತ್ರ ಸಾಲಾಗಿ ಓದಿ ನೋಡಿ, ಕೇಳುವವನಿಗೆ ಹುಡುಗನ ಸಂಕಟ ಬೇಕಾ ಅಥ್ವಾ ಬೇರೆ ಎಂತಾದ್ರೂ ಬೇಕಾ ಅಂತ. ನಿಧಾನದ ಪುಸ್ತಕ, ಈಗಿನ ಮಕ್ಕಳಿಗೆ ಬೋರ್ ಹೊಡೀಬಹುದು, ನನ್ನ ಪ್ರಕಾರ ಈ ಜಾತಿಯಲ್ಲಿ ಇದನ್ನ ಮೀರಿಸಿದ್ದು ಕಮ್ಮಿ.

ಒಂದು ವಿಷ್ಯದಲ್ಲಿ ಮಾತ್ರ ದೊಡ್ಡವರ ಬುದ್ಧಿಯನ್ನ ಬದಿಗಿಡ್ಬೇಡಿ. ನೆನಪು ಹೋಗೋದು, ಕೊನೆಗೆ ಒಂದು ಹಾಡೋ ವಾಸನೆಯೋ ಬಂದು ಎಲ್ಲ ಸಿನಿಮಾದ ಹಾಗೆ ವಾಪಸ್ ಬರೋದು ಈ ಪುಸ್ತಕಗಳ ಕಾಯಂ ತಂತ್ರ. ನಿಜವಾಗಿ ತಲೆಗೆ ಜೋರು ಪೆಟ್ಟು ಬಿದ್ದವರಿಗೆ ಆ ಪೆಟ್ಟಿನ ಆಚೀಚೆಯ ಹೊತ್ತಿನ ನೆನಪು ಎಷ್ಟೋ ಸಲ ಬರೋದೇ ಇಲ್ಲ, ಮಿದುಳಿನಲ್ಲಿ ಅದು ಕೂತೇ ಇರೋದಿಲ್ಲ, ಕೂರದ್ದು ವಾಪಸ್ ಬರೋದು ಹೇಗೆ. ಮಾನಸಿಕ ಕಾಯಿಲೆ ಇದ್ದವರೇ ಕೊಲೆಗಾರರು ಅಂತ ಕೊನೆಯಲ್ಲಿ ತೋರಿಸುವ ಪುಸ್ತಕಗಳೂ ಉಂಟು, ಅದು ಸೋಮಾರಿ ಬರವಣಿಗೆ, ಅಂಥದ್ದು ಸಿಕ್ಕಿದ್ರೆ ಒಪ್ಪಿಕೊಳ್ಬೇಡಿ. ಮತ್ತೆ ಇವುಗಳಲ್ಲಿ ಆತ್ಮಹತ್ಯೆ, ಕೈ ಕುಯ್ದುಕೊಳ್ಳೋದು, ಊಟ ಬಿಡೋದು, ಅತ್ಯಾಚಾರ ಎಲ್ಲ ಬರ್ತದೆ, ಮಕ್ಕಳ ಪುಸ್ತಕ ಅಂತ ಹಗುರ ಎಣಿಸ್ಬೇಡಿ. ಮನೆಯಲ್ಲಿ ಅಂಥದ್ದು ಆಗಿ ಹೋಗಿದ್ರೆ ಮೊದ್ಲು ವಿಷಯ ಎಂತ ಅಂತ ತಿಳ್ಕೊಂಡು ಕೈ ಹಾಕಿ, ಕೆಲವು ಪುಸ್ತಕದ ಮೊದ್ಲ ಪುಟದಲ್ಲೇ ಎಚ್ಚರಿಕೆ ಬರೆದಿರ್ತಾರೆ. ಓದ್ತಾ ಓದ್ತಾ ಎದೆ ಭಾರ ಆಗಿ ಇಳಿಯದೇ ಇದ್ರೆ ಪುಸ್ತಕ ಮುಚ್ಚಿ ಯಾರ ಹತ್ರ ಆದ್ರೂ ಮಾತಾಡಿ, ಕೇರಳ ಸರ್ಕಾರದ ದಿಶಾ ಹೆಲ್ಪ್‌ಲೈನ್ 1056 ಉಂಟು, ಕೇಂದ್ರದ ಟೆಲಿ ಮಾನಸ್ 14416 ಉಂಟು, ಎರಡೂ ಫ್ರೀ.

ಪುಸ್ತಕ ಸಿಗೋದು ಎಲ್ಲಿ? ನಮ್ಮ ಊರಿನ ಗ್ರಂಥಾಲಯಗಳಲ್ಲಿ ಕನ್ನಡ, ಮಲಯಾಳವೇ ಹೆಚ್ಚು, ಆದ್ರೂ ಲೈಬ್ರರಿಯವರ ಹತ್ರ ಹೇಳಿ ಇಡಿ, ಕೇಳುವವರು ಇದ್ದಾರೆ ಅಂತ ಗೊತ್ತಾದ್ರೆ ಮುಂದಿನ ಸಲ ಪುಸ್ತಕ ತರುವಾಗ ನೆನಪು ಮಾಡ್ಕೊಳ್ತಾರೆ. ಜೂನ್ 19ರ ವಾಚನ ದಿನದ ಹೊತ್ತಿಗೆ, ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಹೋದ ದಿನ ಅದು, ಶಾಲೆ ಲೈಬ್ರರಿಗಳಿಗೆ ಚೂರು ಹುರುಪು ಬರ್ತದೆ, ಆಗ ಕೇಳಿದ್ರೆ ಒಳ್ಳೇದು. ಇಲ್ಲದ್ರೆ ಮಂಗಳೂರಿಗೆ ಹೋದಾಗ ತರ್ಬೇಕು, ಅಥ್ವಾ ಕಿಂಡಲ್. ಕಿಂಡಲಲ್ಲಿ ಸ್ಯಾಂಪಲ್ ಅಂತ ಶುರುವಿನ ಸ್ವಲ್ಪ ಭಾಗ ದುಡ್ಡು ಕೊಡದೆ ಓದ್ಲಿಕ್ಕೆ ಆಗ್ತದೆ, ಹುಡುಗಿಯ ಸ್ವರ ನಿಮಗೆ ಹಿಡಿಸ್ತದಾ ಅಂತ ನೋಡ್ಲಿಕ್ಕೆ ಅಷ್ಟು ಸಾಕು. ಫುಟ್‌ಪಾತಿನ ಡುಪ್ಲಿಕೇಟ್ ಪ್ರಿಂಟ್ ಬೇಡವೇ ಬೇಡ. ಬೇರೆ ಪುಸ್ತಕದಲ್ಲಿ ಹದಿನಾರು ಪುಟ ಇಲ್ಲದಿದ್ರೆ ಹೇಗೋ ಆಗ್ತದೆ, ಥ್ರಿಲ್ಲರಿನಲ್ಲಿ ಇಲ್ಲದ ಪುಟ ಲೇಖಕರು ಬೇಕಂತ ಬಿಟ್ಟದ್ದಾ ಬೈಂಡಿಂಗಿನವ ಬಿಟ್ಟದ್ದಾ ಅಂತ ತಲೆ ಕೆಟ್ಟು ಹೋಗ್ತದೆ.

ಓದುವ ಹೊತ್ತು ನಿಮಗೆ ಬಿಟ್ಟದ್ದು. ಆಟಿ ತಿಂಗಳ ಮಳೆಗೆ, ಕರೆಂಟ್ ಹೋದ ರಾತ್ರಿಗೆ ಹೇಳಿ ಮಾಡಿಸಿದ ಪುಸ್ತಕಗಳು ಇವು. ಆದ್ರೆ ದಿನಕ್ಕೆ ಹತ್ತು ಪುಟ ಅಂತ ಎಳೀಬೇಡಿ, ಹಿಂದಿನ ಸುಳಿವು ಮರ್ತು ಹೋಗ್ತದೆ. ಓಣಂ ರಜೆಯಲ್ಲಿ ಪುರುಸೊತ್ತು ಮಾಡ್ಕೊಂಡು ಎರಡು ಮೂರು ಸಲ ಕೂತು ಮುಗಿಸಿದ್ರೆ ಸಮಾ.

ಮುಗಿದ ಕೂಡ್ಲೇ, ಅದೇ ದಿನ, ಮೊದಲ ಅಧ್ಯಾಯವನ್ನ ಇನ್ನೊಂದು ಸಲ ಓದಿ. ಇದನ್ನ ಬಿಟ್ರೆ ಪುಸ್ತಕದ ಅರ್ಧ ದುಡ್ಡು ವೇಸ್ಟ್. ಮೊದಲ ಸಲ ಸುಮ್ಮನೆ ಮನೆ, ಮಳೆ, ಅಮ್ಮ ಅಂತ ಕಂಡದ್ದೆಲ್ಲ ಈಗ ಬೇರೆ ತರ ಕಾಣ್ತದೆ, ಒಳ್ಳೆ ಪುಸ್ತಕ ಆದ್ರೆ ಎಲ್ಲ ಅಲ್ಲೇ ಕಣ್ಣೆದುರೇ ಇಟ್ಟಿರ್ತಾರೆ. ಇಟ್ಟಿಲ್ಲ, ಕೊನೆಯ ಮೂವತ್ತು ಪುಟದಲ್ಲಿ ಇದ್ದಕ್ಕಿದ್ದ ಹಾಗೆ ಯಾವನೋ ಅವಳಿ ತಮ್ಮನನ್ನ ತಂದಿದ್ದಾರೆ ಅಂದ್ರೆ ಆ ಲೇಖಕರ ಇನ್ನೊಂದು ಪುಸ್ತಕ ತಗೊಳ್ಳುವ ಅಗತ್ಯ ಇಲ್ಲ.

ಮನೆಯಲ್ಲಿ ಮಕ್ಕಳೂ ಅದನ್ನೇ ಓದ್ತಾ ಇದ್ರೆ ಸ್ವಲ್ಪ ಜಾಗ್ರತೆ. ಅವರ ಪುಸ್ತಕವನ್ನ ಅವರ ಮನಸ್ಸಿನೊಳಗೆ ಇಣುಕುವ ಕಿಟಕಿ ಮಾಡ್ಬೇಡಿ. ನಮ್ಮ ಪರಿಚಯದ ಒಬ್ರು ಮಗಳ ಹತ್ರ "ಇದ್ರಲ್ಲಿ ಹುಡುಗಿ ಅಮ್ಮನಿಗೆ ಸುಳ್ಳು ಹೇಳ್ತಾಳಲ್ಲ, ನೀನೂ ಹಾಗೆ ಮಾಡ್ತೀಯಾ?" ಅಂತ ಕೇಳಿದ್ರು, ಆಮೇಲಿಂದ ಆ ಮಗು ಪುಸ್ತಕಕ್ಕೆ ಫಿಸಿಕ್ಸ್ ಟೆಕ್ಸ್ಟಿನ ಕವರ್ ಹಾಕಿ ಓದ್ತದೆ. ಮಗಳನ್ನ ಬಿಟ್ಟು ಪುಸ್ತಕದ ಬಗ್ಗೆ ಕೇಳಿ. "ನಿಂಗೆ ಯಾರ ಮೇಲೆ ಸಂಶಯ?" ಅಂತ ಕೇಳಿದ್ರೆ ಅವ್ರೇ ಅರ್ಧ ಗಂಟೆ ಮಾತಾಡ್ತಾರೆ. ಅಮ್ಮಂದಿರ ಕಥೆ ನಿಮಗೆ ಕಂಡದ್ದನ್ನ ಹೇಳಿ, ಅವರಿಗೆ ಕಂಡದ್ದು ನಿಮಗೆ ಕಂಡಿರೋದಿಲ್ಲ, ಚಾಟ್ ಮೆಸೇಜಿನ ಪುಟದಲ್ಲಿ ಫುಲ್‌ಸ್ಟಾಪ್ ಹಾಕಿದ್ರೆ ಕೋಪ ಅಂತ ನನಗೆ ಹೇಳಿ ಕೊಟ್ಟದ್ದು ತಂಗಿಯ ಮಗಳು. "ದೊಡ್ಡಮ್ಮಂಗೆ ಫುಲ್‌ಸ್ಟಾಪ್ ಹಾಕದೆ ಬರೀಲಿಕ್ಕೇ ಗೊತ್ತಿಲ್ಲ" ಅಂತ ನಗಾಡಿದ್ಳು, ನಗಾಡ್ಲಿ.

ಸೀರೀಸ್ ಹಿಡಿಯುವವರಿಗೆ ಒಂದು ಮಾತು. ಹಾಲಿ ಜಾಕ್ಸನ್ ಬರೆದ ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್ 2019ರದ್ದು, ಆಮೇಲೆ 2020, 2021ರಲ್ಲಿ ಇನ್ನೆರಡು, ಅದೇ ಕ್ರಮದಲ್ಲಿ ಓದ್ಬೇಕು, ಎರಡನೆಯದ್ದು ಮೊದಲಿನದರ ಕೊನೆಯನ್ನ ಶುರುವಲ್ಲೇ ಹೇಳಿ ಬಿಡ್ತದೆ. ಬ್ರಿಟಿಷ್ ಪ್ರಿಂಟಲ್ಲಿ ಊರು ಇಂಗ್ಲೆಂಡಿನದ್ದು, ಅಮೆರಿಕದ ಪ್ರಿಂಟಲ್ಲಿ ಅದೇ ಕಥೆಯನ್ನ ಕನೆಕ್ಟಿಕಟಿಗೆ ಎತ್ತಿ ಇಟ್ಟಿದ್ದಾರೆ, ಹಾಗಾಗಿ ಒಂದು ಭಾಗ ಅಲ್ಲಿಯದ್ದು ಇನ್ನೊಂದು ಇಲ್ಲಿಯದ್ದು ಅಂತ ಬೆರ್ಕೆ ತಗೊಳ್ಬೇಡಿ. ಮ್ಯಾಪು, ಇಂಟರ್ವ್ಯೂ, ಹುಡುಗಿಯ ಪ್ರಾಜೆಕ್ಟ್ ನೋಟ್ಸ್ ಎಲ್ಲ ಇರೋದ್ರಿಂದ ಫೋನಿನ ಸಣ್ಣ ಸ್ಕ್ರೀನಿಗಿಂತ ಕಾಗದದ ಪುಸ್ತಕವೇ ಒಳ್ಳೇದು. 2024ರಲ್ಲಿ ಬಿಬಿಸಿ ಇದನ್ನ ಸೀರೀಸ್ ಮಾಡಿದೆ, ಓದಿದ ಮೇಲೆ ನೋಡಿ. ಮೊದಲನೆಯದ್ದು ಹಗುರ, ಮೂರನೆಯದ್ದು ಸಮಾ ಕತ್ತಲೆ, ಎಂಟನೇ ಕ್ಲಾಸಿನ ಮಗು ಮೊದಲನೆಯದ್ದನ್ನ ಮುಗಿಸಿ ಬಾಕಿ ಎರಡೂ ಕೊಡಿ ಅಂತ ಹಟ ಮಾಡಿದ್ರೆ ಮೂರನೆಯದ್ದನ್ನ ನೀವು ಓದಿ ನೋಡಿದ ಮೇಲೆ ಕೊಡಿ.